ಕಡತ ಕೇಳಿ, ಕಾರಣ ಕೇಳಬೇಡಿ

ಮಾಹಿತಿ ಹಕ್ಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ತೋಡಿಕೊಂಡಿರುವುದು ಒಂದೇ ಗೋಳನ್ನು. ಕಚೇರಿಗಳಿಗೆ ಕಂಪ್ಯೂಟರ್ ಬಂದರೆ ಮಾಹಿತಿ ಬೇಗ ಸಿಗುತ್ತದೆ ಅಂದುಕೊಂಡಿದ್ದೆವು, ಈಗ ‘ಸಿಸ್ಟಮ್‌ನಲ್ಲಿ ಇಲ್ಲ’, ‘ಸರ್ವರ್‌ನಿಂದಲೇ ಹಾಗೆ ಬಂದಿದೆ’ ಎನ್ನುವ ಉತ್ತರಗಳು ಶುರುವಾಗಿವೆ ಎಂಬುದು ಆ ಗೋಳು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮೂರಿನ ಚರಂಡಿ ಕಾಮಗಾರಿ ಕಳಪೆಯಾಗಿದೆ. ‘ಏಕೆ ಕಳಪೆಯಾಯಿತು, ಯಾರು ಹೊಣೆ, ಹತ್ತು ವರ್ಷಗಳಲ್ಲಿ ಬಂದ ಅನುದಾನ ಎಷ್ಟು, ಎಲ್ಲಿ ಖರ್ಚಾಯಿತು’ ಎಂದು ಪಂಚಾಯಿತಿಗೆ ಎರಡು ಪುಟದ ಅರ್ಜಿ ಕೊಟ್ಟೆ. ‘ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಹಿಂಬರಹ ಬಂತು. ತಪ್ಪಿದ್ದೆಲ್ಲಿ? (ಹಾವೇರಿ ಜಿಲ್ಲೆ)

ತಪ್ಪಿದ್ದು ಮೊದಲ ಪದದಲ್ಲೇ. ಮಾಹಿತಿ ಹಕ್ಕು ಅಧಿನಿಯಮ 2005 ನಿಮಗೆ ಕೊಡುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು. ‘ಏಕೆ’ ಎಂದು ಕೇಳಿದರೆ ಅಧಿಕಾರಿ ಕೂತು ಹೊಸದಾಗಿ ವಿವರಣೆ ಬರೆಯಬೇಕಾಗುತ್ತದೆ, ಆ ಹೊಣೆ ಅವರಿಗಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ, ಸಿಬಿಎಸ್‌ಇ ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ, ಇದನ್ನು ಬಿಡಿಸಿ ಹೇಳಿದೆ. ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ಸಿಕ್ಕಿದ್ದೂ ಅದೇ ತೀರ್ಪಿನಿಂದ, ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡಬೇಕಿಲ್ಲ ಎಂದದ್ದೂ ಅದೇ ತೀರ್ಪು.

ಎರಡನೆಯ ತೊಡಕು ಉದ್ದದ್ದು. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಆದ ತಿದ್ದುಪಡಿಯಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹತ್ತು ವರ್ಷದ ಅನುದಾನ ಒಂದು ವಿಷಯ, ಚರಂಡಿ ಇನ್ನೊಂದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ.

ಒಂದು ಕಾಮಗಾರಿಗೆ ಹುಟ್ಟುವ ಕಾಗದಗಳ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಅರ್ಜಿ ಹೀಗಿರಲಿ: ‘2023-24ನೇ ಸಾಲಿನಲ್ಲಿ 15ನೇ ಹಣಕಾಸು ಆಯೋಗದ ಅನುದಾನದಡಿ ಇಂಥ ಬೀದಿಯಲ್ಲಿ ಕೈಗೊಂಡ ಚರಂಡಿ ಕಾಮಗಾರಿಯ ಕಡತದಿಂದ ಈ ದಾಖಲೆಗಳ ದೃಢೀಕೃತ ಪ್ರತಿ ಒದಗಿಸುವುದು: ಕ್ರಿಯಾ ಯೋಜನೆಯ ಸಂಬಂಧಪಟ್ಟ ಪುಟ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ ಮತ್ತು ವೋಚರ್, ಕಾಮಗಾರಿಯ ಮೊದಲು, ನಡುವೆ ಹಾಗೂ ನಂತರ ತೆಗೆದ ಜಿಪಿಎಸ್ ಫೋಟೊ.’ ಇಷ್ಟೇ ಸಾಕು. ‘ಕಳಪೆ’, ‘ಅವ್ಯವಹಾರ’ ಎಂಬ ಪದಗಳು ಅರ್ಜಿಯಲ್ಲಿ ಬೇಡವೇ ಬೇಡ. ಅವನ್ನು ದೂರಿಗೆ ಉಳಿಸಿಕೊಳ್ಳಿ.

ಅರ್ಜಿ ಹಾಕುವ ಮೊದಲು ಇ-ಗ್ರಾಮ್‌ಸ್ವರಾಜ್ ಜಾಲತಾಣ ಒಮ್ಮೆ ನೋಡಿ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿಕೊಂಡು ಹೋದರೆ ಆ ವರ್ಷದ ಯೋಜನೆ ಮತ್ತು ಪಾವತಿಯ ವಿವರ ಬರುತ್ತದೆ. ಅಲ್ಲಿ ಕಾಣುವ ಕಾಮಗಾರಿಯ ಹೆಸರು, ವೋಚರ್ ಸಂಖ್ಯೆ, ದಿನಾಂಕಗಳನ್ನು ಅರ್ಜಿಯಲ್ಲಿ ನಮೂದಿಸಿ. ಸಂಖ್ಯೆ ಬರೆದ ಅರ್ಜಿಗೆ ‘ಕಡತ ಲಭ್ಯವಿಲ್ಲ’ ಎಂದು ಬರೆಯುವುದು ಕಷ್ಟ.

ಕೈಗೆ ಬಂದ ಕಾಗದಗಳಲ್ಲಿ ಮೊದಲು ಬಿಡಿಸಬೇಕಾದ್ದು ಅಳತೆ ಪುಸ್ತಕ, ಕಚೇರಿ ಭಾಷೆಯಲ್ಲಿ ಎಂಬಿ. ಅದರ ಪ್ರತಿ ಸಾಲಿನಲ್ಲೂ ಉದ್ದ, ಅಗಲ, ಆಳ, ಕೊನೆಗೆ ಪ್ರಮಾಣ ಇರುತ್ತದೆ. ಚರಂಡಿಯ ತಳದ ಕಾಂಕ್ರೀಟಿಗೆ 60 ಮೀಟರ್ ಉದ್ದ, 0.75 ಅಗಲ, 0.10 ದಪ್ಪ ಎಂದಿದ್ದರೆ 4.5 ಘನ ಮೀಟರಿಗೆ ಬಿಲ್ ಆಗಿದೆ ಎಂದರ್ಥ. ಟೇಪು ಹಿಡಿದು ನೋಡಿ. ಉದ್ದ 48 ಮೀಟರೇ ಇದ್ದರೆ ನೆಲದಲ್ಲಿರುವುದು 3.6. ಉಳಿದ 0.9 ಘನ ಮೀಟರಿನ ಬಗ್ಗೆ ತಾಲ್ಲೂಕು ಪಂಚಾಯಿತಿಗೆ ಬರೆಯುವ ದೂರಿಗೆ ಬೇರೆ ವಿಶೇಷಣವೇ ಬೇಕಾಗುವುದಿಲ್ಲ. ದಪ್ಪ ಮಾತ್ರ ಟೇಪಿಗೆ ಸಿಗುವುದಿಲ್ಲ. ಅದಕ್ಕೂ ಕಾನೂನಿನಲ್ಲಿ ದಾರಿ ಇದೆ. ಕಲಂ 2(ಜೆ) ಕಾಮಗಾರಿಯನ್ನು ಪರಿವೀಕ್ಷಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಈ ಹಕ್ಕನ್ನು ಬಳಸುವವರು ತೀರಾ ಕಡಿಮೆ ಮಂದಿ.

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಆದರೆ ‘ಪಾವತಿಸಬೇಕಾದವರು’ ಎಂಬ ಜಾಗ ಖಾಲಿ ಬಿಡಬೇಡಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲೂ ಬರೆಯಿರಿ. ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ಕೈಯಾರೆ ಕೊಡುವುದಾದರೆ ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಮುಂದಿನ ಎಲ್ಲ ಲೆಕ್ಕ ಆ ಮೊಹರಿನಿಂದಲೇ ಶುರುವಾಗುವುದು.

ನಮ್ಮ ಬಿಪಿಎಲ್ ಕಾರ್ಡ್ ಇದ್ದಕ್ಕಿದ್ದಂತೆ ಎಪಿಎಲ್ ಆಗಿದೆ. ತಾಲ್ಲೂಕು ಕಚೇರಿಯಲ್ಲಿ ‘ನಾವೇನೂ ಮಾಡಿಲ್ಲ, ಕಂಪ್ಯೂಟರಿನಲ್ಲೇ ಹಾಗೆ ಬಂದಿದೆ’ ಅನ್ನುತ್ತಾರೆ. ಕಂಪ್ಯೂಟರನ್ನು ಪ್ರಶ್ನಿಸುವುದು ಹೇಗೆ? (ಚಿತ್ರದುರ್ಗ ಜಿಲ್ಲೆ)

ಕಂಪ್ಯೂಟರ್ ತಾನಾಗಿ ಯಾರ ಕಾರ್ಡನ್ನೂ ಬದಲಿಸುವುದಿಲ್ಲ. ಯಾರೋ ಒಂದು ನಿಯಮ ಬರೆದಿರುತ್ತಾರೆ, ಆ ನಿಯಮ ಒಂದು ಪಟ್ಟಿಯನ್ನು ಇನ್ನೊಂದರ ಜೊತೆ ಹೋಲಿಸಿರುತ್ತದೆ, ಕೊನೆಗೆ ಯಾವುದೋ ಲಾಗಿನ್‌ನಿಂದ ಅನುಮೋದನೆ ಹೋಗಿರುತ್ತದೆ. ಈ ಮೂರಕ್ಕೂ ದಾಖಲೆ ಇದೆ.

ಮೇಲಿನ ಉತ್ತರದಲ್ಲಿ ‘ಏಕೆ’ ಕೇಳಬೇಡಿ ಎಂದೆವಲ್ಲ, ಅದಕ್ಕೆ ಇದೊಂದು ಅಪವಾದ. ಕಲಂ 4(1)(ಡಿ) ಪ್ರಕಾರ ಆಡಳಿತಾತ್ಮಕ ನಿರ್ಣಯದಿಂದ ಬಾಧಿತರಾದವರಿಗೆ ಆ ನಿರ್ಣಯದ ಕಾರಣ ತಿಳಿಸುವುದು ಕಚೇರಿಯದೇ ಕರ್ತವ್ಯ. ಕಾರ್ಡ್ ನಿಮ್ಮದು, ಬಾಧಿತರು ನೀವು. ಅರ್ಜಿಯಲ್ಲಿ ಈ ಕಲಮನ್ನು ಹೆಸರಿಸಿ.

ಜೊತೆಗೆ ಕೇಳಬೇಕಾದ ದಾಖಲೆಗಳು ಇವು. ಕಾರ್ಡಿನ ವರ್ಗ ಬದಲಿಸಿದ ಆದೇಶದ ಪ್ರತಿ. ಬದಲಿಸುವ ಮೊದಲು ಕೊಟ್ಟ ನೋಟಿಸ್ ಮತ್ತು ಅದು ನಿಮಗೆ ಜಾರಿಯಾದ ಸ್ವೀಕೃತಿ. ಸ್ಥಳ ಪರಿಶೀಲನೆ ಮಾಡಿದ್ದರೆ ಆಹಾರ ನಿರೀಕ್ಷಕರ ವರದಿ. ತಂತ್ರಾಂಶದಲ್ಲಿ ನಿಮ್ಮ ಕಾರ್ಡ್ ಸಂಖ್ಯೆಯ ಎದುರು ದಾಖಲಾದ ಷರಾ, ಬದಲಾವಣೆಯ ದಿನಾಂಕ, ವೇಳೆ ಮತ್ತು ಅದನ್ನು ಅನುಮೋದಿಸಿದ ಲಾಗಿನ್ ಯಾವ ಹುದ್ದೆಯದು ಎಂಬುದನ್ನು ತೋರಿಸುವ ಪರದೆಯ ಮುದ್ರಿತ ಪ್ರತಿ. ಅನರ್ಹರ ಪಟ್ಟಿಯ ಜೊತೆ ಮೇಲಿನ ಕಚೇರಿಯಿಂದ ಬಂದ ಪತ್ರ. ನೋಟಿಸೇ ಹೋಗಿಲ್ಲವಾದರೆ ‘ದಾಖಲೆ ಇಲ್ಲ’ ಎಂದು ಲಿಖಿತವಾಗಿ ಬರುತ್ತದೆ. ಆ ಒಂದು ಸಾಲೇ ನಿಮ್ಮ ತಕರಾರಿಗೆ ಬಲವಾದ ಆಧಾರ.

ತಪ್ಪು ಹೇಗಾಗುತ್ತದೆ ಎಂಬುದೂ ಗೊತ್ತಿರಲಿ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಮಗ ಬೈಕ್ ಸಾಲಕ್ಕೆಂದು ಯಾರೋ ಹೇಳಿದ ಹಾಗೆ ಮೂರು ಲಕ್ಷ ಆದಾಯ ತೋರಿಸಿ ರಿಟರ್ನ್ಸ್ ಸಲ್ಲಿಸಿದ್ದರೆ ತೆರಿಗೆ ಒಂದು ಪೈಸೆ ಕಟ್ಟಿರದಿದ್ದರೂ ಮಿತಿ ಮೀರಿತು. ಕನ್ನಡದ ಹೆಸರುಗಳನ್ನು ಇಂಗ್ಲಿಷಿಗೆ ಇಳಿಸುವಾಗ ಆಗುವ ಎಡವಟ್ಟು ಇನ್ನೊಂದು: ಮಂಜುನಾಥ, ಬಸವರಾಜ ಎಂಬಂಥ ಹೆಸರು ಒಂದೇ ತಾಲ್ಲೂಕಿನಲ್ಲಿ ನೂರಾರು, ಕಾಗುಣಿತ ನಾಲ್ಕಾರು ಥರ. ಆಧಾರ್ ಸಂಖ್ಯೆ ತಪ್ಪು ಕಾರ್ಡಿಗೆ ಜೋಡಣೆಯಾಗಿರುವುದೂ ಉಂಟು. ಮನೆಯವರ ಪ್ಯಾನ್‌ನಿಂದ ಆದಾಯ ತೆರಿಗೆ ಜಾಲತಾಣಕ್ಕೆ ಲಾಗಿನ್ ಆಗಿ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಇಳಿಸಿಕೊಳ್ಳಿ. ನಿಮ್ಮದಲ್ಲದ ಆದಾಯ ಅಲ್ಲಿ ಕಂಡರೆ ಗಂಟು ಇರುವುದು ಅಲ್ಲೇ, ಆಹಾರ ಇಲಾಖೆಯಲ್ಲಲ್ಲ.

ನೆರೆಯ ತೆಲಂಗಾಣದಲ್ಲಿ ಹೀಗೆ ಗಣಕದ ಹೋಲಿಕೆಯ ಮೇಲೆ ಕಾರ್ಡುಗಳು ಸಾಮೂಹಿಕವಾಗಿ ರದ್ದಾಗಿದ್ದವು. ಸ್ಥಳಕ್ಕೆ ಹೋಗಿ ಮತ್ತೆ ಪರಿಶೀಲಿಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಬೇಕಾಯಿತು. ಒಂದು ಎಚ್ಚರಿಕೆ: ಮಾಹಿತಿ ಅರ್ಜಿಯಿಂದ ಕಾರ್ಡ್ ವಾಪಸ್ ಬರುವುದಿಲ್ಲ. ತಹಶೀಲ್ದಾರರಿಗೆ ಆದಾಯ ಪ್ರಮಾಣ ಪತ್ರದ ಜೊತೆ ತಕರಾರು ಅರ್ಜಿಯನ್ನು ಅದೇ ದಿನ ಬೇರೆಯಾಗಿ ಕೊಡಿ. ಒಂದಕ್ಕಾಗಿ ಇನ್ನೊಂದನ್ನು ಕಾಯಬೇಡಿ.

ಫಲಾನುಭವಿಗಳ ಪಟ್ಟಿ ಕೇಳಿದರೆ ‘ವೈಯಕ್ತಿಕ ಮಾಹಿತಿ, ಕಾನೂನು ಬದಲಾಗಿದೆ’ ಎಂದು ನಿರಾಕರಿಸುತ್ತಿದ್ದಾರೆ. ನಿಜವೇ? (ರಾಯಚೂರು)

ಬದಲಾಗಿದ್ದು ನಿಜ, ಪಟ್ಟಿ ಕೊಡಲಾಗದು ಎಂಬುದು ನಿಜವಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಕಲಂ 44(3) ಮಾಹಿತಿ ಹಕ್ಕಿನ ಕಲಂ 8(1)(ಜೆ)ಯನ್ನು ತಿದ್ದಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲ ಅಥವಾ ಅದರಿಂದ ಖಾಸಗಿತನಕ್ಕೆ ಅನಗತ್ಯ ಧಕ್ಕೆಯಾಗುತ್ತದೆ ಎಂದು ಅಧಿಕಾರಿ ಹೇಳಬೇಕಿತ್ತು. ಸಂಸತ್ತಿಗೆ, ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಸೊಗಸಾದ ಮಾತೂ ಅಲ್ಲಿತ್ತು. ಈಗ ಅವೆಲ್ಲ ಹೋಗಿ ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ ಉಳಿದಿದೆ. ನಮ್ಮ ದೃಷ್ಟಿಯಲ್ಲಿ ಇದು ಸೋಮಾರಿ ಹಿಂಬರಹಕ್ಕೆ ಹಾಸಿಕೊಟ್ಟ ಚಾಪೆ.

ಆದರೆ ಮೂರು ಕಲಮುಗಳಿಗೆ ಯಾರೂ ಕೈ ಹಚ್ಚಿಲ್ಲ. ಕಲಂ 4(1)(ಬಿ) ಸಹಾಯಧನ ಕಾರ್ಯಕ್ರಮಗಳ ಫಲಾನುಭವಿಗಳ ವಿವರ, ರಿಯಾಯಿತಿ ಮತ್ತು ಪರವಾನಗಿ ಪಡೆದವರ ವಿವರ, ಪ್ರತಿ ಅಧಿಕಾರಿ ಮತ್ತು ನೌಕರರ ಮಾಸಿಕ ವೇತನ ಇವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಕಲಂ 10ರಂತೆ ಕೊಡಬಾರದ ಭಾಗಕ್ಕೆ ಮಸಿ ಹಚ್ಚಿ ಉಳಿದದ್ದನ್ನು ಕೊಡಬೇಕು. ಕಲಂ 8(2)ರಂತೆ ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿಯೊಳಗಿನ ಮಾಹಿತಿಯನ್ನೂ ಕೊಡಬಹುದು.

ಹಾಗಾಗಿ ಅರ್ಜಿಯಲ್ಲೇ ಬರೆದುಬಿಡಿ: ‘ಆಧಾರ್, ಮೊಬೈಲ್, ಬ್ಯಾಂಕ್ ಖಾತೆ ಸಂಖ್ಯೆ ಬೇಡ, ಕಲಂ 10ರಡಿ ತೆಗೆದು ಕೊಡಬಹುದು. ಹೆಸರು, ಗ್ರಾಮ, ಮಂಜೂರಾದ ಮೊತ್ತ, ದಿನಾಂಕ ಸಾಕು.’ ಸಾರ್ವಜನಿಕ ಹಿತ ಏನೆಂದು ಎರಡು ಸಾಲು ಸೇರಿಸಿ. ಕಾರಣ ಹೇಳಬೇಕಿಲ್ಲ ಎಂದು ಕಲಂ 6(2) ಈಗಲೂ ಹೇಳುತ್ತದೆ, ಆದರೂ ಈ ಬಗೆಯ ಅರ್ಜಿಯಲ್ಲಿ ಹೇಳದಿದ್ದರೆ ನಷ್ಟ ನಮಗೇ.

ಇಮೇಲ್‌ನಲ್ಲಿ ಬಂದ ಉತ್ತರ ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಕಂಪ್ಯೂಟರಿನಲ್ಲಿ ಕನ್ನಡ ಕಂಡರೂ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ನಮ್ಮ ಫೋನ್ ಕೆಟ್ಟಿದೆಯೇ? (ಶಿವಮೊಗ್ಗ)

ಫೋನ್ ಸರಿಯಾಗೇ ಇದೆ. ಆ ಕಡತವನ್ನು ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್‌ನಲ್ಲಿ ಟೈಪ್ ಮಾಡಿಲ್ಲ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ್ದಾರೆ. ಅಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ಒಳಗೆ ‘ಕ’ ಅಕ್ಷರದ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ ಆಗಿ ಕೂತಿರುತ್ತದೆ, ತಲೆಕಟ್ಟು ಇನ್ನೊಂದು ಪ್ರತ್ಯೇಕ ಸಂಕೇತ. ಫಾಂಟ್ ಇದ್ದರೆ ಎರಡೂ ಸೇರಿ ‘ಕ’ ಕಾಣುತ್ತದೆ, ಇಲ್ಲದಿದ್ದರೆ ಬಣ್ಣ ಬಯಲು. ನೀವು ಹುಡುಕುವುದು ಯೂನಿಕೋಡ್ ಕನ್ನಡದಲ್ಲಿ, ಅಲ್ಲಿರುವುದು ಇಂಗ್ಲಿಷ್ ಸಂಕೇತ. ಸಿಗುವುದಾದರೂ ಹೇಗೆ?

ವರ್ಡ್ ಕಡತವಾದರೆ ಪಠ್ಯವನ್ನು ನಕಲಿಸಿ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ನುಡಿ ತಂತ್ರಾಂಶದಲ್ಲೇ ಅದು ಇದೆ. ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿ ಮಾರ್ಪಡುತ್ತವೆ, ಅವನ್ನು ಕೈಯಾರೆ ತಿದ್ದಬೇಕು. ಅರ್ಕಾವೊತ್ತು ಇರುವ ಪದಗಳನ್ನು ಮತ್ತೊಮ್ಮೆ ನೋಡಿ.

ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ. ಗೂಗಲ್ ಡ್ರೈವ್‌ಗೆ ಏರಿಸಿ, ಕಡತದ ಮೇಲೆ ಬಲ ಕ್ಲಿಕ್ ಮಾಡಿ ‘ಗೂಗಲ್ ಡಾಕ್ಸ್‌ನಲ್ಲಿ ತೆರೆ’ ಎಂದರೆ ಕನ್ನಡವನ್ನೂ ಓದಿ ಪಠ್ಯವಾಗಿಸುತ್ತದೆ. ನೀವೇ ಸ್ಕ್ಯಾನ್ ಮಾಡುವುದಾದರೆ ಸ್ಪಷ್ಟತೆ 300 ಡಿಪಿಐ ಇರಲಿ, ಪುಟ ವಾರೆಯಾಗದಿರಲಿ. ಮೊಹರು ಬಿದ್ದ ಜಾಗ ಮತ್ತು ಒತ್ತಕ್ಷರಗಳಲ್ಲಿ ತಪ್ಪುತ್ತದೆ. ಎಲ್ಲಕ್ಕಿಂತ ಅಪಾಯ ಕನ್ನಡ ಅಂಕಿಗಳದ್ದು. ಸೊನ್ನೆಯೂ ಅನುಸ್ವಾರವೂ ಒಂದೇ ದುಂಡಗೆ, ಲಕ್ಷವಿದ್ದದ್ದು ಹತ್ತು ಸಾವಿರವಾಗಿಬಿಡಬಹುದು. ಮೊತ್ತಗಳನ್ನು ಮೂಲದ ಜೊತೆ ತಾಳೆ ನೋಡದೆ ಬಳಸಬೇಡಿ.

ಮುಂದಿನ ಅರ್ಜಿಯಲ್ಲಿ ‘ಮಾಹಿತಿ ಎಕ್ಸೆಲ್ ಕಡತದಲ್ಲಿ ಇದ್ದರೆ ಅದೇ ರೂಪದಲ್ಲಿ’ ಎಂದು ಸೇರಿಸಿ. ಕಾನೂನು ಫ್ಲಾಪಿ, ಡಿಸ್ಕೆಟ್, ವಿಡಿಯೊ ಕ್ಯಾಸೆಟ್‌ಗಳ ಹೆಸರು ಹೇಳಿ ‘ಅಥವಾ ಇತರ ಯಾವುದೇ ಎಲೆಕ್ಟ್ರಾನಿಕ್ ರೂಪ’ ಎಂದಿದೆ. ಫ್ಲಾಪಿ ಸತ್ತು ಎಷ್ಟೋ ವರ್ಷವಾಯಿತು, ಆ ಕೊನೆಯ ನಾಲ್ಕು ಪದಗಳು ಬದುಕಿವೆ.

‘ಸರ್ಕಾರದ ಆದೇಶ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಿಡಿಎಫ್ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? (ಮೈಸೂರು)

ಮೊದಲು ಅಚ್ಚುಕಟ್ಟು ನೋಡಿ. ಸಚಿವಾಲಯದ ಆದೇಶ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಶುರುವಾಗಿ, ವಿಷಯ, ಓದಲಾಗಿದೆ, ಪ್ರಸ್ತಾವನೆ ಇವು ಮುಗಿದ ಮೇಲೆ ಆದೇಶ ಸಂಖ್ಯೆ ಬರುತ್ತದೆ. ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು, ಅದರ ಕೆಳಗೆ ಸಹಿ ಮತ್ತು ಪದನಾಮ. ಸಂಖ್ಯೆಯ ಮೊದಲ ಅಕ್ಷರಗಳು ಇಲಾಖೆಯ ಸಂಕ್ಷೇಪ, ಆರ್ಥಿಕ ಇಲಾಖೆಗೆ ‘ಆಇ’, ಕಂದಾಯಕ್ಕೆ ‘ಕಂಇ’. ರಜೆ ಘೋಷಣೆಯ ಆದೇಶಕ್ಕೆ ಸಂಬಂಧವೇ ಇಲ್ಲದ ಇಲಾಖೆಯ ಸಂಕ್ಷೇಪವಿದ್ದರೆ ಅನುಮಾನಿಸಿ. ದಿನಾಂಕವನ್ನೂ ನೋಡಿ. ನಕಲಿ ಮಾಡುವವರು ಬಹುಪಾಲು ಹಳೆಯ ಅಸಲಿ ಆದೇಶದ ದಿನಾಂಕ, ವಿಷಯ ಅಷ್ಟನ್ನೇ ತಿದ್ದುತ್ತಾರೆ, ಆಗ ಆ ಸಾಲಿನ ಅಕ್ಷರದ ದಪ್ಪ ಅಥವಾ ನೇರ ಉಳಿದ ಸಾಲುಗಳಿಗೆ ಹೊಂದುವುದಿಲ್ಲ. ಪರದೆಯನ್ನು ಹಿಗ್ಗಿಸಿದರೆ ಕಾಣುತ್ತದೆ.

ಅಚ್ಚುಕಟ್ಟು ಸರಿ ಇದ್ದ ಮಾತ್ರಕ್ಕೆ ಅಸಲಿಯಲ್ಲ. ಇಲಾಖೆಯ ಜಾಲತಾಣದ ಆದೇಶಗಳ ಪುಟದಲ್ಲಿ, ಅಧಿಸೂಚನೆಯಾದರೆ ಇ-ರಾಜ್ಯಪತ್ರದಲ್ಲಿ ಅಂದರೆ ಆನ್‌ಲೈನ್ ಗೆಜೆಟ್‌ನಲ್ಲಿ, ಅದೇ ಸಂಖ್ಯೆ ಇದೆಯೇ ನೋಡಿ. ಜೋಡಿ ಬಾಣದ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತು ಸುಳ್ಳೆನ್ನುವುದಕ್ಕೆ ಸಾಕ್ಷಿಯಲ್ಲ, ನಿಮಗೆ ಕಳಿಸಿದವರಿಗೂ ಮೂಲ ಗೊತ್ತಿಲ್ಲ ಎಂಬುದಕ್ಕೆ ಸಾಕ್ಷಿ.

ನಮ್ಮ ಊರಲ್ಲಿ ಗಲಾಟೆಯಾದಾಗ ಎರಡು ದಿನ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದರು. ಆ ಆದೇಶ ನೋಡಬಹುದೇ? (ಓದುಗರು, ಊರು ಬರೆದಿಲ್ಲ)

ನೋಡಬಹುದು. 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿದೆ. ಈಗ ನಡೆಯುವುದು 2024ರ ದೂರಸಂಪರ್ಕ ಸೇವೆಗಳ ತಾತ್ಕಾಲಿಕ ಅಮಾನತು ನಿಯಮಗಳು. ರಾಜ್ಯದಲ್ಲಿ ಆದೇಶ ಹೊರಡಿಸುವ ಅಧಿಕಾರ ಗೃಹ ಇಲಾಖೆಯ ಕಾರ್ಯದರ್ಶಿಯದು, ಒಂದು ಆದೇಶದ ಗರಿಷ್ಠ ಅವಧಿ 15 ದಿನ, ಪರಿಶೀಲನಾ ಸಮಿತಿ ಐದು ದಿನಗಳಲ್ಲಿ ಕೂಡಬೇಕು. ಹೀಗಾಗಿ ಅರ್ಜಿ ಹೋಗಬೇಕಾದ್ದು ಪೊಲೀಸ್ ಠಾಣೆಗಲ್ಲ, ಬೆಂಗಳೂರಿನ ಗೃಹ ಇಲಾಖೆಗೆ. ಆದೇಶದ ಪ್ರತಿಯ ಜೊತೆ ಪರಿಶೀಲನಾ ಸಮಿತಿಯ ಸಭಾ ನಡವಳಿಯನ್ನೂ ಕೇಳಿ. ದೇಶದ ಭದ್ರತೆಯ ವಿನಾಯಿತಿಯಾದ ಕಲಂ 8(1)(ಎ) ತೋರಿಸಿ ನಿರಾಕರಿಸಿದರೆ ಮೇಲಿನ ತೀರ್ಪನ್ನು ಮೇಲ್ಮನವಿಯಲ್ಲಿ ಹೆಸರಿಸಿ.

30 ದಿನ ಕಳೆದರೂ ಉತ್ತರವಿಲ್ಲ. ಮುಂದೇನು? (ಇದನ್ನು ಕೇಳದ ತಿಂಗಳೇ ಇಲ್ಲ)

ಗಡುವು ಮುಗಿದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ, ಅದೇ ಸಂಸ್ಥೆಯ ಹಿರಿಯ ಅಧಿಕಾರಿಗೆ. ಗ್ರಾಮ ಪಂಚಾಯಿತಿಯಾದರೆ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ. ಅವರಿಗೆ 30 ದಿನ, ಕಾರಣ ಬರೆದರೆ 45. ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಗಡುವು ಮೀರಿ ಕೊಡುವ ಮಾಹಿತಿಗೆ ಪುಟದ ಹಣ ಕೇಳುವಂತಿಲ್ಲ, ಕಲಂ 7(6). ತಡಕ್ಕೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಆದರೆ ಅದನ್ನು ವಿಧಿಸಬಲ್ಲದ್ದು ಆಯೋಗ ಮಾತ್ರ. ಮೇಲ್ಮನವಿಯಲ್ಲಿ ಹೊಸ ಮಾಹಿತಿ ಕೇಳಬೇಡಿ, ಅದೊಂದೇ ಕಾರಣಕ್ಕೆ ಎಷ್ಟೋ ಮೇಲ್ಮನವಿಗಳು ಬೀಳುತ್ತವೆ.

ದುಬೈಯಲ್ಲಿದ್ದೇನೆ, ಭಾರತದ ಪಾಸ್‌ಪೋರ್ಟ್ ಇದೆ. ಅರ್ಜಿ ಹಾಕಬಹುದೇ?

ಹಾಕಬಹುದು, ಹಕ್ಕು ಪೌರತ್ವಕ್ಕೆ ಸೇರಿದ್ದು, ವಾಸಸ್ಥಳಕ್ಕಲ್ಲ. ಕೇಂದ್ರದ ಇಲಾಖೆಗಳಿಗೆ ಆರ್‌ಟಿಐ ಆನ್‌ಲೈನ್ ತಾಣ, ರಾಜ್ಯದ ಇಲಾಖೆಗಳಿಗೆ ಕರ್ನಾಟಕದ್ದೇ ಬೇರೆ ತಾಣ. ಇದನ್ನು ಅದಲು ಬದಲು ಮಾಡಬೇಡಿ. ತಹಶೀಲ್ದಾರರಿಗೆ ಹೋಗಬೇಕಾದ ಅರ್ಜಿಯನ್ನು ಕೇಂದ್ರದ ತಾಣದಲ್ಲಿ ಹಾಕಿದರೆ ಅರ್ಜಿ ಹಿಂದಿರುಗುತ್ತದೆ, 10 ರೂಪಾಯಿ ಹಿಂದಿರುಗುವುದಿಲ್ಲ. ನಿಮ್ಮ ಕಚೇರಿ ಪಟ್ಟಿಯಲ್ಲೇ ಇಲ್ಲದಿದ್ದರೆ ಊರಿನಲ್ಲಿರುವವರ ಮೂಲಕ ಕಾಗದದ ಅರ್ಜಿಯೇ ಗತಿ. ಸಹಿ ನಿಮ್ಮದಿರಲಿ, ಉತ್ತರಕ್ಕೆ ಊರಿನ ವಿಳಾಸ ಕೊಡಿ.